ಮೂಗಿಗೆ ಬಿಟ್ಟ ಕಲ್ಲು

ಕಲ್ಲಿನ ವಿಗ್ರಹ ಕೆತ್ತುವ ನಮ್ಮ ಶಿವಾರಪಟ್ಟಣದಲ್ಲಿ ದುಡ್ಡು ತಿಂಗಳಿಗೊಮ್ಮೆ ಬರುವುದಿಲ್ಲ, ವಿಗ್ರಹ ಲಾರಿ ಹತ್ತಿದ ದಿನ ಬರುತ್ತದೆ. ಆ ದಿನ ಮನೆಯಲ್ಲಿ ಕೋಳಿ ಸಾರು, ಮಕ್ಕಳಿಗೆ ಹೊಸ ಬಟ್ಟೆ. ಆಮೇಲೆ ಇನ್ನೊಂದು ವಿಗ್ರಹ ಹೋಗುವವರೆಗೆ ಕಿರಾಣಿ ಅಂಗಡಿಯವನಿಗೆ ಮುಖ ತಪ್ಪಿಸಿಕೊಂಡು ಓಡಾಡುವುದು. ಇದು ಎಷ್ಟು ಅಭ್ಯಾಸವಾಗಿಬಿಟ್ಟಿದೆ ಎಂದರೆ, ಇದೊಂದು ಕಷ್ಟ ಅಂತಲೇ ನಮಗೆ ಅನ್ನಿಸುವುದಿಲ್ಲ.

ನಾನು ಸುನಂದ, ಇಲ್ಲಿನ ಮಹಿಳಾ ಸಂಘದವಳು. ಪಕ್ಕದ ಮನೆಯ ಹುಡುಗಿ ದಿವ್ಯಳ ವಿಷಯ ಬರೆಯುತ್ತಿದ್ದೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಆಮೇಲೆ ಜಗಳ ಬೇಡ.

ದಿವ್ಯಳ ಅಪ್ಪ ಮುನಿಯಲ್ಲಪ್ಪಣ್ಣ ಕಲ್ಲಿನ ಕೆಲಸದಲ್ಲಿ ಹೆಸರು ಮಾಡಿದವರು. ಮಗಳು ಕೋಲಾರದಲ್ಲಿ ನರ್ಸಿಂಗ್ ಸೇರಿದಾಗ ಅವರ ಎದೆ ಉಬ್ಬಿದ್ದನ್ನು ಬೀದಿಯವರೆಲ್ಲ ನೋಡಿದ್ದೇವೆ. ಹಾಸ್ಟೆಲಿಗೆ ಬಿಡಲು ಹೋದ ದಿನ ಅವರು ಹೇಳಿದ್ದು ಒಂದೇ ಮಾತು. ಹೊಟ್ಟೆ ಕಟ್ಟಬೇಡ, ಯಾರ ಮುಂದೆಯೂ ಕಡಿಮೆಯಾಗಿ ಕಾಣಬೇಡ, ದುಡ್ಡಿನ ಯೋಚನೆ ನನಗೆ ಬಿಡು.

ದಿವ್ಯ ಅಪ್ಪನ ಮಾತು ಮೀರದ ಹುಡುಗಿ, ಯೋಚನೆ ಬಿಟ್ಟೇಬಿಟ್ಟಳು. ಯುಗಾದಿಗೆ ಮುಂಚೆ ಒಂದು ದೊಡ್ಡ ವಿಗ್ರಹ ಹೋಯಿತು. ಅಪ್ಪ ಮಗಳ ಖಾತೆಗೆ ಕೈತುಂಬಾ ಹಾಕಿದರು. ಸೀನಿಯರ್‌ಗಳು ಅರ್ಧ ಬೆಲೆಗೆ ಕೊಡುತ್ತಿದ್ದ ಪುಸ್ತಕಗಳನ್ನು ಅವಳು ಅಂಗಡಿಯಲ್ಲಿ ಹೊಸದಾಗಿ ಕೊಂಡಳು. ಹಾಸ್ಟೆಲಿನಿಂದ ಕಾಲೇಜಿಗೆ ನಡೆಯುವಷ್ಟೇ ದೂರ, ದಿನಾ ಆಟೋ ಹತ್ತಿದಳು. ಹಾಸ್ಟೆಲಿನಲ್ಲಿ ಊಟವಿದ್ದರೂ ಸಂಜೆಗೆ ಗೋಬಿ, ರೂಮಿನವರ ಹುಟ್ಟುಹಬ್ಬಕ್ಕೆ ಕೇಕು. ಫೋನ್ ಎತ್ತಿ ಸ್ಕ್ಯಾನ್ ಮಾಡಿದರೆ ಮುಗಿಯಿತು, ಕೈಯಿಂದ ನೋಟು ಹೋದ ನೋವೂ ಇಲ್ಲ. ಇದರಲ್ಲಿ ಯಾವುದೂ ಕೆಟ್ಟ ಖರ್ಚಲ್ಲ. ಒಂದೊಂದೂ ಚಿಕ್ಕದು, ಅದಕ್ಕೇ ಗೊತ್ತಾಗಲಿಲ್ಲ.

ಆಷಾಢ ಬಂತು. ಆಷಾಢದಲ್ಲಿ ಪ್ರತಿಷ್ಠೆ ಮಾಡಿಸುವವರು ಕಡಿಮೆ. ಮುನಿಯಲ್ಲಪ್ಪಣ್ಣ ಕೆತ್ತಿ ಮುಗಿಸಿದ್ದ ಗಂಗಮ್ಮ ಅಂಗಳದಲ್ಲಿ ಟಾರ್ಪಾಲು ಹೊದ್ದು ನಿಂತಿದ್ದಳು. ಶ್ರಾವಣದಲ್ಲಿ ಬಂದು ಎತ್ತುತ್ತೇವೆ, ದುಡ್ಡೂ ಆಗಲೇ ಎಂದಿದ್ದರು ದೇವಸ್ಥಾನದವರು. ಸರಿಯಾಗಿ ಆಗಲೇ ಕಾಲೇಜಿನ ಬೋರ್ಡಿಗೆ ಪರೀಕ್ಷಾ ಶುಲ್ಕದ ನೋಟಿಸು ಬಿತ್ತು. ಕೊನೆಯ ದಿನಾಂಕ ಆಷಾಢದೊಳಗೇ ಇತ್ತು. ಕಟ್ಟದಿದ್ದರೆ ಪರೀಕ್ಷೆ ಇಲ್ಲ, ವರ್ಷವೇ ಹೋಯಿತು. ದಿವ್ಯ ಖಾತೆ ನೋಡಿಕೊಂಡಳು. ಅದರಲ್ಲಿ ಇದ್ದದ್ದು ಇನ್ನೊಂದು ಗೋಬಿಗೆ ಸಾಕಾಗುವಷ್ಟು.

ಆ ಭಾನುವಾರ ಅವಳು ಊರಿಗೆ ಬಂದಳು. ಜೊತೆಗೆ ಅವಳ ಸೀನಿಯರ್ ತಬಸ್ಸುಮ್ ಇದ್ದಳು, ಮುಳಬಾಗಿಲಿನ ಹುಡುಗಿ. ಅವಳ ಅಪ್ಪ ಹಣ್ಣಿನ ವ್ಯಾಪಾರದವರು, ಮಾವಿನ ಕಾಲ ಬಿಟ್ಟರೆ ಅವರ ಮನೆಯಲ್ಲೂ ಕೈ ಖಾಲಿ. ಆದರೂ ಅವಳು ಮೊದಲೇ ಎತ್ತಿಟ್ಟಿದ್ದರಲ್ಲಿ ಶುಲ್ಕ ಕಟ್ಟಿ ಮುಗಿಸಿದ್ದಳು. ಒಬ್ಬಳೇ ಹೋಗಿ ಅಪ್ಪನಿಗೆ ಹೇಳಲು ಧೈರ್ಯವಿಲ್ಲದೆ ದಿವ್ಯ ಅವಳನ್ನು ಕರೆದುಕೊಂಡು ಬಂದಿದ್ದಳು.

ವಿಷಯ ಕೇಳಿ ಮುನಿಯಲ್ಲಪ್ಪಣ್ಣ ದೇವಸ್ಥಾನದವರಿಗೆ ಫೋನ್ ಮಾಡಿದರು, ಅವರು ಅದೇ ಶ್ರಾವಣದ ರಾಗ ಎಳೆದರು. ಆಗ ದಿವ್ಯಳ ಅಮ್ಮ ಬೈರಮ್ಮಕ್ಕ ಸೆರಗಿಗೆ ಕೈ ಒರೆಸಿಕೊಂಡು ನನ್ನ ಮನೆಗೆ ಬಂದರು. ಸಂಘದಲ್ಲಿ ವಾರವಾರ ಕೂಡಿಟ್ಟಿದ್ದನ್ನು ತೆಗೆಯಬೇಕು ಎಂದರು. ಆ ದುಡ್ಡು ಯಾವುದಕ್ಕೆ ಎಂದು ನನಗೆ ಗೊತ್ತಿತ್ತು. ಅವರ ಅಡುಗೆಮನೆಯ ಶೀಟು ಒಡೆದು ಎರಡು ಮಳೆಗಾಲವಾಗಿತ್ತು, ಒಲೆಯ ಪಕ್ಕದಲ್ಲೇ ನೀರು ತೊಟ್ಟಿಕ್ಕುತ್ತಿತ್ತು. ಶೀಟು ಇನ್ನೊಂದು ವರ್ಷ ಹೋಗಲಿ, ಮಗಳ ವರ್ಷ ಹೋಗಬಾರದು ಎಂದರು ಬೈರಮ್ಮಕ್ಕ. ಈ ಸಂಘಕ್ಕೆ ಹೋಗುವಾಗಲೆಲ್ಲ ಗಂಡ ಇವರನ್ನು ರೇಗಿಸುತ್ತಿದ್ದರು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಶುಲ್ಕದ ದಾರಿ ಆಯಿತು. ಆದರೆ ದಿವ್ಯ ಅಡುಗೆಮನೆಗೆ ಹೋಗಿ, ಸೋರುವ ಜಾಗಕ್ಕೆ ಇಟ್ಟಿದ್ದ ಪಾತ್ರೆ ನೋಡುತ್ತಾ ಅತ್ತಳು. ಹೊರಗೆ ಬಂದು ಅಪ್ಪನಿಗೆ ಹೇಳಿದಳು, ಇನ್ನು ಮೇಲೆ ನೀವು ಕೊಟ್ಟದ್ದರಲ್ಲಿ ಮೊದಲು ಸ್ವಲ್ಪ ಎತ್ತಿಡುತ್ತೇನೆ ಎಂದು.

ಮುನಿಯಲ್ಲಪ್ಪಣ್ಣನಿಗೆ ಅದು ಚುಚ್ಚಿತು.

"ನಾನು ಬದುಕಿರೋವಾಗ ನೀನ್ಯಾಕಮ್ಮ ಎತ್ತಿಡ್ಬೇಕು? ಓದೋ ಮಗು ಹೊಟ್ಟೆ ಕಟ್ಟಿ ಉಳಿಸಿದ್ರೆ ಊರು ನನಗೇನನ್ನುತ್ತೆ? ಉಣ್ಣು, ತಿನ್ನು. ಉಳಿದ್ರೆ ಇಟ್ಕೊ."

"ಉಳಿಯೋದೇ ಇಲ್ವಲ್ಲ ಅಪ್ಪ," ಎಂದಳು ದಿವ್ಯ.

ಬೇಸರವಾದರೆ ಮುನಿಯಲ್ಲಪ್ಪಣ್ಣ ಹೋಗಿ ಕೂರುವುದು ಕಲ್ಲಿನ ಮುಂದೆಯೇ. ಅಂದು ಹೊಸದೊಂದು ವಿಗ್ರಹದ ಮುಖ ಶುರುಮಾಡಿದ್ದರು. ಕಣ್ಣಿಲ್ಲ, ಬಾಯಿಲ್ಲ, ನಡುವೆ ಒಂದು ಗಡ್ಡೆಯ ಹಾಗೆ ಕಲ್ಲು ಮುಂದಕ್ಕೆ ನಿಂತಿತ್ತು. ತಬಸ್ಸುಮ್ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ಅದೇನು ಎಂದು ಕೇಳಿದಳು.

ಕೆಲಸದ ವಿಷಯ ಕೇಳಿದರೆ ಅವರಿಗೆ ಎಂಥ ಕೋಪವೂ ಇಳಿಯುತ್ತದೆ. "ಅದು ಮೂಗು ಕಣಮ್ಮ. ಮುಖದಲ್ಲಿ ಎಲ್ಲಕ್ಕಿಂತ ಮುಂದಿರೋದು ಅದೇ ಅಲ್ವಾ? ಅದಕ್ಕೆ ಮೊದ್ಲೇ ಕಲ್ಲು ಬಿಟ್ಕೊಂಡು, ಆಮೇಲೆ ಕೆನ್ನೆ, ಹಣೆ ಹೊಡೀಬೇಕು. ಎಲ್ಲ ಹೊಡೆದಾದ್ಮೇಲೆ ಮೂಗಿಗೆ ಕಲ್ಲು ಹುಡುಕಿದ್ರೆ ಎಲ್ಲಿಂದ ಬರುತ್ತೆ? ಅಂಟಿಸೋಕಾಗುತ್ತಾ? ಮೂಗು ಕೆಟ್ಟ ವಿಗ್ರಹ ಪೂಜೆಗೆ ಬರಲ್ಲ."

ತಬಸ್ಸುಮ್ ಆ ಗಡ್ಡೆಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ಮೆಲ್ಲಗೆ, "ಅಂಕಲ್, ದಿವ್ಯ ಕೇಳ್ತಿರೋದೂ ಅಷ್ಟೇ ಅಲ್ವಾ? ಮೂಗಿಗೆ ಮೊದ್ಲೇ ಬಿಟ್ಕೋತೀನಿ ಅಂತಿದಾಳೆ," ಎಂದಳು.

ಮುನಿಯಲ್ಲಪ್ಪಣ್ಣನ ಉಳಿ ನಿಂತಿತು. ಮಗಳ ಕಡೆ ನೋಡಿದರು, ಅಡುಗೆಮನೆಯ ಕಡೆ ನೋಡಿದರು. "ಹ್ಞೂಂ," ಎಂದರು, ಅಷ್ಟೇ. ಆದರೆ ಆ ಹುಡುಗಿಯರು ಹೊರಡುವಾಗ ತಾವೇ ಬಸ್ಸಿನವರೆಗೆ ಬಂದು, ಹೇಗೆ ಎತ್ತಿಡುತ್ತೀರಿ ಎಂದು ತಬಸ್ಸುಮಳನ್ನು ಬಿಡಿಸಿ ಬಿಡಿಸಿ ಕೇಳಿದರಂತೆ.

ಅವಳು ಹೇಳಿಕೊಟ್ಟದ್ದು ಕಷ್ಟದ್ದೇನಲ್ಲ. ದುಡ್ಡು ಬಂದ ದಿನವೇ, ಒಂದು ಟೀ ಕುಡಿಯುವ ಮುಂಚೆಯೇ, ಶುಲ್ಕದ ಪಾಲು ಬೇರೆ ಖಾತೆಗೆ ಹೋಗಬೇಕು. ಆ ಖಾತೆ ಫೋನಿನ ಸ್ಕ್ಯಾನಿಗೆ ಸಿಗಬಾರದು. ಅಲ್ಲಿಂದ ತಿಂಗಳು ತಿಂಗಳು ಒಂದು ಸಣ್ಣ ಮೊತ್ತ ಬ್ಯಾಂಕಿನ ಒಂಬತ್ತು ತಿಂಗಳ ಆರ್.ಡಿ.ಗೆ, ಅಂದರೆ ತಿಂಗಳ ಕಂತಿನ ಠೇವಣಿಗೆ, ಸೇರಬೇಕು. ಪುಸ್ತಕ ಸೀನಿಯರ್‌ಗಳಿಂದ, ಊರಿಗೆ ಬರಲು ಸರ್ಕಾರಿ ಬಸ್ಸು ಹೆಂಗಸರಿಗೆ ಹೇಗೂ ಉಚಿತ, ಉಳಿದ ದೂರಕ್ಕೆ ಕಾಲಿದೆ. ಸ್ಕಾಲರ್‌ಶಿಪ್ ಅರ್ಜಿಯನ್ನು ಕೊನೆಯ ದಿನದವರೆಗೆ ಇಟ್ಟುಕೊಳ್ಳಬಾರದು, ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಹೋಗಿ ನೋಡಬೇಕು. ಗೋಬಿ ಬಿಡಬೇಕಾಗಿಲ್ಲ, ಅದು ಎರಡನೆಯದಾಗಬೇಕು ಅಷ್ಟೇ. ಇಷ್ಟರಲ್ಲಿ ದಿವ್ಯ ಒಂದು ಹೊತ್ತೂ ಉಪವಾಸ ಬೀಳಲಿಲ್ಲ, ಇನ್ನೂ ಸ್ವಲ್ಪ ದಪ್ಪಗಾಗಿದ್ದಾಳೆ ಎಂದು ನನ್ನ ಅನುಮಾನ.

ಶ್ರಾವಣದಲ್ಲಿ ಗಂಗಮ್ಮ ಲಾರಿ ಹತ್ತಿದಳು. ಮಗಳಿಗೆ ದುಡ್ಡು ಕಳಿಸಿ ಮುನಿಯಲ್ಲಪ್ಪಣ್ಣ ಫೋನಿನಲ್ಲಿ ಕೇಳಿದ್ದು ಬೀದಿಗೇ ಕೇಳಿಸಿತು: "ಮೂಗಿಗೆ ಬಿಟ್ಯಾ?" ಅಂದಿನಿಂದ ಅದೇ ಮಾತು. ಊಟ ಆಯ್ತಾ ಎನ್ನುವುದಕ್ಕೂ ಮುಂಚೆ ಅದು.

ಈ ವರ್ಷ ಮತ್ತೆ ಆಷಾಢ ಬಂತು. ಮತ್ತೆ ಒಂದು ವಿಗ್ರಹ ಅಂಗಳದಲ್ಲೇ ಉಳಿಯಿತು. ಮುನಿಯಲ್ಲಪ್ಪಣ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದು ಬೈರಮ್ಮಕ್ಕ ಹೇಳಿದರು. ಕೊನೆಗೆ ನಮ್ಮ ಜಗಲಿಯಲ್ಲೇ ಕೂತು ಮಗಳಿಗೆ ಫೋನ್ ಮಾಡಿದರು, ಶುಲ್ಕದ ನೋಟಿಸು ಬಂತಾ ಎಂದು ಅಳುಕುತ್ತಲೇ ಕೇಳಿದರು.

"ಬಂದು, ಕಟ್ಟಿ, ರಸೀದಿನೂ ತಗೊಂಡೆ ಅಪ್ಪ," ಎಂದಳು ದಿವ್ಯ. "ಈ ಸಲ ಅಮ್ಮನ ಸಂಘದ ದುಡ್ಡು ಮುಟ್ಬೇಡಿ. ಶೀಟು ಹಾಕ್ಸಿ."

ಅವರು ಫೋನ್ ಇಟ್ಟರು. ಕಣ್ಣು ಒರೆಸಿಕೊಂಡು, ಕಲ್ಲಿನ ಪುಡಿ ಬಿತ್ತು ಎಂದರು. ನಮ್ಮ ಜಗಲಿಯಲ್ಲಿ ಕಲ್ಲಿನ ಪುಡಿ ಎಲ್ಲಿಂದ ಬರಬೇಕು.

ಮಾರನೆಯ ವಾರ ಶೀಟು ಬಂತು. ಈಗ ಹೊರಗೆ ಮಳೆ ಹೊಡೆಯುತ್ತಿದ್ದರೂ ಬೈರಮ್ಮಕ್ಕನ ಒಲೆಯ ಪಕ್ಕ ನೆಲ ಒಣಗಿದೆ.

ಮಗಳನ್ನೋ ಮಗನನ್ನೋ ಹೊಸದಾಗಿ ಓದಲು ಕಳಿಸಿರುವ ಅಪ್ಪ ಅಮ್ಮಂದಿರೇ, ಮಕ್ಕಳು ಉಳಿಸಿದರೆ ನಿಮ್ಮ ಮರ್ಯಾದೆ ಹೋಗುವುದಿಲ್ಲ. ಈಗಷ್ಟೇ ಹಾಸ್ಟೆಲಿಗೆ ಪೆಟ್ಟಿಗೆ ಇಳಿಸಿರುವ ಮಕ್ಕಳೇ, ಖರ್ಚಾಗಿ ಉಳಿಯಲಿ ಎಂದು ಕಾಯಬೇಡಿ, ಅದು ಉಳಿಯುವುದಿಲ್ಲ. ನಾಳೆಯೇ ಬ್ಯಾಂಕಿಗೋ ಅಂಚೆ ಕಚೇರಿಗೋ ಹೋಗಿ. ಕೊಂಚವೇ ಆಗಲಿ, ಮೊದಲು ಎತ್ತಿಡಿ. ಇವತ್ತು ನಿಮ್ಮ ಮನೆಗೆ ಫೋನ್ ಮಾಡಿದಾಗ ಯಾರಾದರೂ ಒಬ್ಬರು ಇನ್ನೊಬ್ಬರನ್ನು ಕೇಳಲಿ, ಮೂಗಿಗೆ ಬಿಟ್ಟೆಯಾ ಎಂದು.