ನೆಲದಿಂದ ನಾಲ್ಕು ಇಂಚು

"ಎಮ್ಮೆ ಥರ ಕೆಸರಲ್ಲಿ ಬಿದ್ಕೊಂಡಿದೀಯಲ್ಲೇ! ಆಫೀಸರು ಬರೋದ್ರೊಳಗೆ ಒಂದು ತೊಟ್ಟು ನೀರು ಇರಕೂಡ್ದು ಅಂತ ಬೆಳಿಗ್ಗೇನೇ ನಿಂಗೆ ಯೋಳಿಲ್ವಾ? ಬೇಗ ಬೇಗ ಮೊಗೆಯೇ!"

ಪಳನಿಯಮ್ಮ ತಲೆ ಎತ್ತಲಿಲ್ಲ. ನೇಯುವಾಗ ಕಾಲು ಇಳಿಬಿಡುವ ಮಗ್ಗದ ಗುಂಡಿಯಲ್ಲಿ ಸೊಂಟದ ಮೇಲಿನವರೆಗೂ ಮುಳುಗಿ ನಿಂತು, ಪ್ಲಾಸ್ಟಿಕ್ ಬಿಂದಿಗೆ ತುಂಬಿಸಿ ಅತ್ತೆ ಯಲ್ಲಮ್ಮನ ಕೈಗೆ ಕೊಟ್ಟಳು. ಯಲ್ಲಮ್ಮ ಅದನ್ನು ಬೀದಿಗೆ ಚೆಲ್ಲಿದಳು. ಬೀದಿಯೂ ತುಂಬಿದ್ದರಿಂದ ನೀರು ಒಂದು ಸುತ್ತು ಹಾಕಿ, ಹೊಸ್ತಿಲು ದಾಟಿ, ಮನೆಯವರಂತೆ ಒಳಗೆ ಬಂತು.

ಬೈದವನು ಕೌನ್ಸಿಲರ್ ಮುರುಗೇಶನ್. ಎದುರು ಮನೆಯ ಎತ್ತರದ ಜಗಲಿಯ ಮೇಲೆ ಪಂಚೆ ಎತ್ತಿ ಕಟ್ಟಿ ನಿಂತಿದ್ದ. ಮನೆಮಾತು ತಮಿಳು, ಓಟು ಕೇಳುವಾಗಲೂ ಬೈಯುವಾಗಲೂ ಮಾತ್ರ ಅವನಿಗೆ ಈ ನೇಕಾರರ ಬೀದಿಯ ಕನ್ನಡ ಸಲೀಸಾಗಿ ಬರುತ್ತಿತ್ತು.

ಕಡಲ ಕಡೆಯಿಂದ ಬಂದ ಬಿರುಗಾಳಿ ಮಳೆ ಎರಡು ದಿನ ಬೆಟ್ಟದ ಮೇಲೆ ಹೊಯ್ದಿತ್ತು. ಮೊದಲೆಲ್ಲ ಆ ನೀರು ಬೀದಿಯ ಹಿಂದಿನ ಹಳ್ಳದಲ್ಲಿ ಹರಿದು ಕೆರೆ ಸೇರುತ್ತಿತ್ತು. ಎರಡು ವರ್ಷದ ಹಿಂದೆ ಮುರುಗೇಶನ್ ಆ ಹಳ್ಳಕ್ಕೆ ಅಡ್ಡವಾಗಿ ತನ್ನ ಕಲ್ಯಾಣ ಮಂಟಪದ ಗೋಡೆ ಎಬ್ಬಿಸಿದ. ಅಂದಿನಿಂದ ನೀರಿಗೆ ಸೇಲಂ ಪೇಟೆಯಲ್ಲಿ ಈ ಬೀದಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಬೀದಿಗೆ ವೆಳ್ಳ, ಅಂದರೆ ಪ್ರವಾಹ, ಬಂತೆಂದು ಸರ್ಕಾರ ಬರೆದುಕೊಂಡರೆ ಗೋಡೆ ಒಡೆಯಲೇಬೇಕು, ಬರೆದುಕೊಳ್ಳದಿದ್ದರೆ ಗೋಡೆ ಇರುತ್ತದೆ ಎಂದು ದೂರು ಕೊಡಲು ಹೋದವರಿಗೆ ತಾಲೂಕು ಆಫೀಸಿನಲ್ಲಿ ಹೇಳಿ ಕಳಿಸಿದ್ದರು. ಬರೆದುಕೊಳ್ಳುವವನು ಇವತ್ತು ಬರುತ್ತಿದ್ದ.

ಬಂದವನು ರಘುನಾಥ. ಈ ನೇಕಾರರ ಕುಲದವನೇ, ಎರಡು ಬೀದಿ ಆಚೆ ಮಗ್ಗದ ಸದ್ದಿನಲ್ಲೇ ಬೆಳೆದವನು. ಒಂದು ಕೈಯಲ್ಲಿ ಕೆಂಪು ಬಿಳಿ ಪಟ್ಟಿಯ ಅಳತೆಕೋಲು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಸುತ್ತಿದ ದಪ್ಪ ಪುಸ್ತಕ. ಊರಿಗೆ ಯಾವ ವರ್ಷ ಯಾವ ಕೇಡು ಬಂತೆಂದು ಬೀದಿ ಬೀದಿಯ ಚರಿತ್ರೆ ಅದರಲ್ಲಿತ್ತು. ಅವನು ಪಳನಿಯಮ್ಮನ ಹೊಸ್ತಿಲಲ್ಲಿ ನಿಂತು ಓದಿದ.

"ಈ ಬೀದಿ... ವೆಳ್ಳ, ಇಲ್ಲ. ಬಿರುಗಾಳಿ, ಇಲ್ಲ. ಆಲಿಕಲ್ಲು, ಇಲ್ಲ. ಅರವತ್ತು ವರ್ಸದಿಂದ ಏನೂ ಇಲ್ಲ."

"ದೇವ್ರು ಕಣ್ಣಿಟ್ಟಿರೋ ಬೀದಿ ಕಣಯ್ಯಾ" ಎಂದ ಮುರುಗೇಶನ್.

ಯಲ್ಲಮ್ಮ ಬಿಂದಿಗೆ ಕೆಳಗಿಟ್ಟಳು. "ಏನೂ ಇಲ್ವೇನ್ಲಾ ರಘು? ನಿಮ್ಮಪ್ಪನ ಮದ್ವೆ ವರ್ಸ ನಮ್ ಮಾಡಿನ ಶೀಟು ಆರ್ಕೊಂಡೋಗಿ ಮಾರಿಯಮ್ಮನ ಗುಡಿ ಮೇಲೆ ಬಿತ್ತಲ್ಲ, ಅದನ್ನ ಯಾರು ಊದಿದ್ರು? ನಿಮ್ಮಜ್ಜೀನಾ?"

ರಘುನಾಥ ಪುಟ ತಿರುವಿದ. "ಆ ಗಾಳಿ ಪಕ್ಕದ ವಾರ್ಡಲ್ಲಿ ಐತೆ ಅತ್ತೆ."

"ಓ! ನಮ್ ಬೀದಿ ಬಂದ ತಕ್ಷಣ ಸುತ್ತಾಕ್ಕೊಂಡು ಓಯ್ತಾ? ಮರ್ಯಾದಸ್ತ ಗಾಳಿ."

ಮುರುಗೇಶನ್ ಹತ್ತಿ ನಿಂತಿದ್ದ ಜಗಲಿಯ ಮನೆಯಾಕೆ ಈಶ್ವರಿ ಬಾಗಿಲಲ್ಲೇ ಕಿಸಕ್ಕನೆ ನಕ್ಕಳು. ಪಳನಿಯಮ್ಮ ನಗಲಿಲ್ಲ. ಅವಳ ಕಣ್ಣು ಕೋಲಿನ ಮೇಲಿತ್ತು. ತಲೆಯ ಮೇಲೆ, ತೊಲೆಗೆ ಎತ್ತಿ ಕಟ್ಟಿದ್ದ, ನೆನೆದ ರೇಷ್ಮೆ ಹಾಸಿನ ಎಳೆಗಳಿಂದ ಹನಿ ಹನಿಯಾಗಿ ಕೆಂಪು ಬಣ್ಣ ಇಳಿದು ಅವಳ ಭುಜದ ಮೇಲೆ ಬೀಳುತ್ತಿತ್ತು.

ರಘುನಾಥ ಹೊಸ್ತಿಲ ಒಳಗೆ ಕೋಲು ಊರಿದ. ಬಗ್ಗಿ ನೋಡಿದ.

"ನಾಲ್ಕು ಇಂಚು. ಅನ್ನೆರಡು ಇಂಚಿದ್ರೆ ವೆಳ್ಳ. ಇದು ನೀರು ನಿಂತಿರೋದು, ಅಷ್ಟೆ."

"ರಘು, ಇಲ್ಲಿ ಅಳಿ" ಎಂದಳು ಪಳನಿಯಮ್ಮ, ಗುಂಡಿಯೊಳಗಿಂದ.

"ಅದು ಗುಂಡಿ ಅಕ್ಕ. ಫಾರಮಲ್ಲಿ ನೆಲದಿಂದ ಅಂತ ಐತೆ."

"ನಾನು ನೆಲದ ಮೇಲೆ ನಿಂತು ನೇಯ್ತೀನಾ? ದಿನಾ ಬೆಳಿಗ್ಗಿಂದ ಸಂಜೆಗಂಟ ಕಾಲು ಇಳಿಬಿಟ್ಟು ತುಳಿಯೋದು ಇಲ್ಲೇ."

"ಗುಂಡಿ ನೆಲ ಅಲ್ಲಕ್ಕ."

"ನಿನ್ನ ತೊಟ್ಲು ನಿಮ್ಮವ್ವ ಮಗ್ಗದ ತೊಲೆಗೆ ಕಟ್ಟಿದ್ಳು. ಅವಳು ಗುಂಡೀಲಿ ತುಳಿದ್ರೆ ನಿಂಗೆ ನಿದ್ದೆ. ನಿಲ್ಸಿದ್ರೆ ಬಾಯಿ ಬಡ್ಕೋತಿದ್ದೆ. ಈಗ ಅದು ನೆಲ ಅಲ್ವೇನೋ?"

ಕನ್ನಡದಲ್ಲಿ ಉತ್ತರ ಸಿಗದೆ ಹೋದಾಗ ರಘುನಾಥ ತಮಿಳಿಗೆ ಜಾರುತ್ತಿದ್ದ. "ಅದೆಲ್ಲಾಂ ಇಪ್ಪೋ ಎದುಕ್ಕು ಅಕ್ಕಾ" ಎಂದು, ಅದೆಲ್ಲ ಈಗ್ಯಾಕೆ ಅನ್ನುವಂತೆ ಗೊಣಗಿ, ಕೋಲನ್ನು ಗೋಡೆಗೆ ಒರಗಿಸಿ ಪೆನ್ನು ತೆಗೆದ.

ಪಳನಿಯಮ್ಮ ಕೈ ಚಾಚಿ ಕೋಲು ಎಳೆದುಕೊಂಡಳು. ತನ್ನ ಕಾಲ ಪಕ್ಕದಲ್ಲಿ ನೆಟ್ಟಗೆ ಇಳಿಬಿಟ್ಟಳು. ಕೆಂಪು ಮುಳುಗಿತು, ಬಿಳಿ ಮುಳುಗಿತು, ಮತ್ತೆ ಕೆಂಪು. ತಳ ಮುಟ್ಟಿತು.

"ಮೂರಡಿ ಎರಡಿಂಚು. ಫೋಟೋ ತೆಗಿ."

ರಘುನಾಥನ ಕೈ ತಾನಾಗಿ ಜೇಬಿಗೆ ಹೋಯಿತು. ಫೋನು ಎದೆಯ ಮಟ್ಟಕ್ಕೆ ಬಂತು.

"ಲೇ, ಒಳಗಿಡೋ ಫೋನು!" ಮುರುಗೇಶನ್ ಜಗಲಿಯಿಂದ ಧುಮುಕಿದ. "ಗುಂಡಿ ತೋಡಿ ಗುಂಡೀಲಿ ನೀರೈತೆ ಅಂತಾಳೆ! ಅಂಗಾದ್ರೆ ಬಾವಿಗೂ ವೆಳ್ಳ ಬಂದೈತೆ ಅಂತ ಬರ್ಕೊಳೋ! ಕೊಡೇ ಕೋಲು, ಬೇವರ್ಸಿ ಮುಂಡೆ. ಸರ್ಕಾರದ ಕೋಲು ಅದು."

"ಬಂದು ತಗೋ."

ಅವಳ ದನಿ ಅವಳಿಗೇ ಪರಿಚಯವಿರಲಿಲ್ಲ. ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಮುರುಗೇಶನ್ ರಘುನಾಥನನ್ನು ಪಕ್ಕಕ್ಕೆ ತಳ್ಳಿ ಹೊಸ್ತಿಲ ಒಳಗೆ ಒಂದು ಕಾಲಿಟ್ಟ. ಅಲ್ಲಿಗೇ ನಿಂತ. ಗೋಡೆಯಿಂದ ಗೋಡೆಗೆ ಒಂದೇ ಕೆಂಪು ಬಣ್ಣದ, ತಳ ಕಾಣದ ನೀರು. ಈ ಬೀದಿಯ ಮನೆಗಳಿಗೆ ಎರಡೆರಡು ಗುಂಡಿ ಎಂಬುದು ಅವನಿಗೂ ಗೊತ್ತು. ಪಳನಿಯಮ್ಮನ ಗಂಡ ಪವರ್‌ಲೂಮ್ ಕೂಲಿಗೆ ಹೋದ ಮೇಲೆ ಅವನ ಮಗ್ಗ ಬಿಚ್ಚಿ ಮಾರಿದ್ದರು, ಗುಂಡಿಗೆ ಹಲಗೆ ಮುಚ್ಚಿದ್ದರು. ಆ ಹಲಗೆಗಳು ಈಗ ಒಲೆಕಟ್ಟೆಯ ಪಕ್ಕ ತೇಲುತ್ತಿದ್ದವು. ಮುರುಗೇಶನ್ ಹಲಗೆ ನೋಡಿದ, ನೀರು ನೋಡಿದ, ಇಟ್ಟ ಕಾಲನ್ನು ಮೆಲ್ಲಗೆ ಮೇಲೆತ್ತಿದ.

"ಇನ್ನೊಂದು ಗುಂಡಿ ಎಲ್ಲೈತೇ?"

ಬೀದಿಯುದ್ದಕ್ಕೂ ನೀರು ಮೊಗೆಯುವ ಸದ್ದು ಒಂದೊಂದೇ ಮನೆಯಲ್ಲಿ ನಿಂತಿತು. ಈಶ್ವರಿ ಸೆರಗು ಸಿಕ್ಕಿಸಿಕೊಂಡು ಬೀದಿಯ ನೀರಿಗೆ ಇಳಿದಳು. ಅವಳ ಹಿಂದೆ ಇನ್ನಿಬ್ಬರು.

"ನಿನ್ನೇ ಕೇಳ್ತಿರೋದು. ಗುಂಡಿ ಎಲ್ಲಿ?"

"ಯಾವ ಗುಂಡಿ ಅಣ್ಣ?" ಪಳನಿಯಮ್ಮ ಕೋಲನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಎಲ್ಲಾ ನೆಲಾನೇ. ನಾಲ್ಕೇ ಇಂಚು. ಬಾ."

ಮುರುಗೇಶನ್ ಒಂದು ಕೈಯಲ್ಲಿ ಪಂಚೆ, ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತಿದ್ದ. ಎತ್ತಿದ ಕಾಲಿನ ಹಿಮ್ಮಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು.