ಏಳನೆಯ ಹೆಂಗಸು

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ದಾರದಕ್ಕ ಎಂದೇ ಕರೆಯುತ್ತಿದ್ದರು. ಒಗೆದು ಒಣಗಿ ಬಂದ ಹಾಸುಗಳನ್ನು ವಾರ್ಡುವಾರು ವಿಂಗಡಿಸಿ ಮಡಿಸುವುದು ಅವಳ ಕೆಲಸ. ಹಾಸಿನ ಮೂಲೆಯಲ್ಲಿ ವಾರ್ಡಿನ ಹೆಸರು ಅಚ್ಚಾಗಿರುತ್ತಿತ್ತು. ಆದರೂ ಹೊಸ ಹಾಸುಗಳು ವಾರ್ಡಿಗೊಂದು ಕಟ್ಟಾಗಿ ಬಂದ ದಿನವೇ ಅವಳು ಅವುಗಳ ಅಂಚಿಗೆ ಬಣ್ಣದ ದಾರದಿಂದ ಎರಡು ಹೊಲಿಗೆ ಹಾಕಿಬಿಡುತ್ತಿದ್ದಳು. ಹೆರಿಗೆ ವಾರ್ಡಿಗೆ ಕೆಂಪು, ಮಕ್ಕಳ ವಾರ್ಡಿಗೆ ಹಳದಿ. ಯಾಕೆಂದು ಕೇಳಿದವರಿಗೆ, ಅಚ್ಚು ಮಾಸುತ್ತದೆ, ದಾರ ಮಾಸುವುದಿಲ್ಲ ಎನ್ನುತ್ತಿದ್ದಳು. ನಿಜವೇನೆಂದರೆ ಅವಳಿಗೆ ಓದಲು ಬರುತ್ತಿರಲಿಲ್ಲ. ಹದಿನಾಲ್ಕು ವರ್ಷ ಆ ಗುಟ್ಟು ಅವಳ ಹೊಟ್ಟೆಯೊಳಗೇ ಇತ್ತು.

ಆ ಲಾಂಡ್ರಿಗೆ ಒಬ್ಬ ಸಿನಿಮಾ ನಿರ್ದೇಶಕಿ ಬಂದಳು. ಅಲ್ಲಿನ ಹೆಂಗಸರ ಮೇಲೆ ಚಿತ್ರ ಮಾಡಬೇಕು, ಅದಕ್ಕೆ ಮೊದಲು ಎರಡು ತಿಂಗಳು ಜೊತೆಯಲ್ಲಿ ಕೆಲಸ ಮಾಡುತ್ತೇನೆ ಎಂದಳು. ಮೊದಲ ದಿನ ಅವಳು ಮಡಿಸಿದ ಹಾಸು ಮುಂಡಾಸಿನ ಹಾಗಾಗಿ, ಇಸ್ತ್ರಿಯಮ್ಮ ಅದನ್ನು ತಲೆಗೆ ಸುತ್ತಿಕೊಂಡು ಎಲ್ಲರನ್ನೂ ನಗಿಸಿದಳು. ಇಸ್ತ್ರಿಯಮ್ಮನ ನಾಲಿಗೆಗೆ ಮೇಲ್ವಿಚಾರಕನೂ ಹೆದರುತ್ತಿದ್ದ. ನಿರ್ದೇಶಕಿಯ ಕೈ ಹಿಡಿದು ಮಡಿಸಲು ಕಲಿಸಿದ್ದು ದಾರದಕ್ಕ.

ಒಂದು ದಿನ ಚಹಾದ ಹೊತ್ತಿನಲ್ಲಿ ದಾರದಕ್ಕನಿಗೆ ಏನನ್ನಿಸಿತೋ, ಹಿಂದೆ ಇಲ್ಲೊಬ್ಬಳಿದ್ದಳು ಎಂದು ಶುರುಮಾಡಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಈ ದಾರದ ಉಪಾಯ ಅವಳದೇ, ತಾನು ಅವಳಿಂದ ಕಲಿತೆ ಎಂದಳು. ನೋಟೀಸು ಅಂಟಿಸಿದ ದಿನವೆಲ್ಲ ಅವಳಿಗೆ ಜ್ವರ ಬಂದ ಹಾಗಾಗುತ್ತಿದ್ದುದನ್ನೂ ಹೇಳಿದಳು. ಬೇರೆಯವಳ ಹೆಸರಿನಲ್ಲಿ ಹೇಳಿದರೂ ಎದೆ ಹಗುರವಾಯಿತು. ಕೆಲವು ವಾರಗಳ ಮೇಲೆ ನಿರ್ದೇಶಕಿ ಅವಳ ಕೈಗೆ ಒಂದಿಷ್ಟು ಹಾಳೆ ಕೊಟ್ಟು, ಓದಿ ನೋಡಿ, ಬೇಡವಾದದ್ದನ್ನು ಹೊಡೆದುಹಾಕಿ ಎಂದಳು. ದಾರದಕ್ಕ ಬೆಂಚಿನ ಮೇಲೆ ಕೂತು, ಒಂದೊಂದು ಹಾಳೆಗೂ ತಕ್ಕಷ್ಟು ಹೊತ್ತು ತೆಗೆದುಕೊಂಡು ತಿರುವಿ ಹಾಕಿ, ಚೆನ್ನಾಗಿದೆ ಎಂದಳು. ನಿರ್ದೇಶಕಿ ಆ ಪ್ರತಿಯನ್ನು ಅವಳಿಗೇ ಬಿಟ್ಟಳು.

ಚಿತ್ರ ಬಂತು. ಅದರಲ್ಲಿ ನಾಯಕಿ ಅಂತ ಯಾರೂ ಇರಲಿಲ್ಲ. ಏಳು ಹೆಂಗಸರು, ಏಳು ಜನರದ್ದೂ ಕತೆ. ಜನ ಅದರ ಹೆಸರು ಬಿಟ್ಟು ‘ಏಳು ಹೆಂಗಸರ ಸಿನಿಮಾ’ ಎಂದೇ ಕರೆದರು. ಲಾಂಡ್ರಿಯವರೆಲ್ಲ ಮೊದಲ ದಿನವೇ ಒಟ್ಟಿಗೆ ಹೋಗಿ ಒಂದೇ ಸಾಲಿನಲ್ಲಿ ಕೂತರು. ತೆರೆಯ ಮೇಲಿನ ಏಳನೆಯ ಹೆಂಗಸು ಹಾಸಿನ ಅಂಚಿಗೆ ಕೆಂಪು ದಾರ ಹೊಲಿಯುತ್ತಿದ್ದಳು. ಮೇಲ್ವಿಚಾರಕ ಎಲ್ಲರೆದುರು ಅವಳ ಕೈಗೆ ನೋಟೀಸು ಕೊಟ್ಟು ಜೋರಾಗಿ ಓದು ಎಂದಾಗ ಅವಳು ಕಾಗದವನ್ನು ತಲೆಕೆಳಗಾಗಿ ಹಿಡಿದುಕೊಂಡು ನಿಂತಳು. ಕತ್ತಲಲ್ಲಿ ತನ್ನ ಸಾಲಿನವರೆಲ್ಲ ಉಸಿರು ಬಿಗಿಹಿಡಿದದ್ದು ದಾರದಕ್ಕನಿಗೆ ಗೊತ್ತಾಯಿತು. ಅರ್ಧಕ್ಕೇ ಎದ್ದು ಮನೆಗೆ ಬಂದುಬಿಟ್ಟಳು. ಮೂರು ದಿನ ರಜೆ ಹಾಕಿದಳು. ನಿರ್ದೇಶಕಿ ಎರಡು ಸಲ ಫೋನ್ ಮಾಡಿದರೂ ಮಾತಾಡಲಿಲ್ಲ. ಉಪ್ಪಿನಕಾಯಿ ಹಾಕಿದ ಹಾಗೆ ಬಚ್ಚಿಟ್ಟಿದ್ದನ್ನು ಊರಿಗೆಲ್ಲ ಹಂಚಿದಳಲ್ಲ ಎಂದು ಕುದಿಯುತ್ತಿದ್ದಳು.

ನಾಲ್ಕನೆಯ ದಿನ ಎದೆ ಗಟ್ಟಿ ಮಾಡಿಕೊಂಡು ಕೆಲಸಕ್ಕೆ ಬಂದಳು. ಯಾರೂ ನಗಲಿಲ್ಲ, ಏನೂ ಕೇಳಲಿಲ್ಲ. ಚಹಾದ ಹೊತ್ತಿಗೆ ಇಸ್ತ್ರಿಯಮ್ಮ ತನ್ನ ಮೊಮ್ಮಗಳ ಅಕ್ಷರಮಾಲೆ ಪುಸ್ತಕ ತಂದು ಮಡಿಸುವ ಮೇಜಿನ ಮೇಲಿಟ್ಟಳು.

“ಆ ಸಿನಿಮಾದಲ್ಲಿ ಆರು ಜನ ಸೇರ್ಕೊಂಡು ಅವಳಿಗೆ ಓದೋದು ಕಲಿಸ್ತಾರೆ. ನೀನು ಎದ್ದು ಹೋದೆ, ನೋಡ್ಲಿಲ್ಲ. ನಿನ್ನ ಬಿಟ್ಟು ನಾವಿಲ್ಲಿ ಹನ್ನೊಂದು ಜನ ಇದ್ದೀವಿ. ನಮಗೇನು ಧಾಡಿ?”

ದಾರದಕ್ಕ ಕಣ್ಣೊರೆಸಿಕೊಂಡು ಪುಸ್ತಕ ತೆರೆದಳು.

ಎರಡು ವರ್ಷ ಹಿಡಿಯಿತು. ಒತ್ತಕ್ಷರಗಳು ಅವಳ ಜೀವ ತಿಂದವು. ಅಷ್ಟರಲ್ಲಿ ಹೊರಗೂ ಏನೇನೋ ಆಗುತ್ತಿತ್ತು. ಗುಣವಾಗಿ ಮನೆಗೆ ಹೊರಟ ರೋಗಿಗಳು ಮೆಟ್ಟಿಲಿಳಿದು ಬಂದು ಲಾಂಡ್ರಿಯವರ ಮುಖ ನೋಡಿ ಹೋಗತೊಡಗಿದರು. ಹುಡುಗಿಯರು ಗೆಳತಿಯರ ಬಟ್ಟೆಯಂಚಿಗೆ ಕೆಂಪು ಹೊಲಿಗೆ ಹಾಕಿಕೊಟ್ಟರು. ಅಂಚೆ ಕಚೇರಿಯಲ್ಲಿ, ಬಟ್ಟೆ ಕಾರ್ಖಾನೆಯಲ್ಲಿ ಕೆಲಸದವರೇ ಸೇರಿ ಓದು ಬಾರದವರಿಗೆ ಪಾಠ ಶುರುಮಾಡಿದರು. ಅದಕ್ಕೆ ‘ದಾರದ ಕ್ಲಾಸು’ ಎಂಬ ಹೆಸರು ಎಲ್ಲಿಂದ ಬಂತೆಂದು ಚಿತ್ರ ನೋಡಿದವರಿಗೆ ಹೇಳಬೇಕಾಗಿರಲಿಲ್ಲ. ದಾರದಕ್ಕನಿಗೆ ಒಳಗೊಳಗೇ ಹೆಮ್ಮೆ. ನಿರ್ದೇಶಕಿಯ ಮೇಲಿನ ಸಿಟ್ಟು ಮಾತ್ರ ಆರಲಿಲ್ಲ.

ನಾಲ್ಕನೆಯ ವರ್ಷ ಮನೆಗೆ ಸುಣ್ಣ ಹೊಡೆಸಲು ಕಪಾಟು ಖಾಲಿ ಮಾಡುವಾಗ ಆ ಹಾಳೆಗಳು ಸಿಕ್ಕವು. ಅಲ್ಲೇ ನೆಲದ ಮೇಲೆ ಕೂತು ಬೆರಳಿಟ್ಟು ಓದಿದಳು. ದಾರ, ನೋಟೀಸು, ತಲೆಕೆಳಗಾದ ಕಾಗದ, ಎಲ್ಲ ಅದರಲ್ಲೇ ಇತ್ತು. ಪಕ್ಕದ ಅಂಚಿನಲ್ಲಿ ನಿರ್ದೇಶಕಿಯ ದುಂಡು ಅಕ್ಷರ: ‘ಅಕ್ಕಾ, ಆ ಹೆಂಗಸಿಗೆ ಇದರಿಂದ ನೋವಾಗುತ್ತದೆ ಅನ್ನಿಸಿದರೆ ಒಂದು ಗೆರೆ ಎಳೆಯಿರಿ. ಇಡೀ ಪಾತ್ರವನ್ನೇ ತೆಗೆಯುತ್ತೇನೆ.’

ಅವಳು ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಸುಣ್ಣ ಹೊಡೆಯುವವರು ಬಂದು ಬಾಗಿಲಲ್ಲಿ ನಿಂತದ್ದೂ ಅವಳಿಗೆ ತಿಳಿಯಲಿಲ್ಲ.

ಮರುದಿನವೇ ಹುಡುಕಿಕೊಂಡು ಹೋದಳು. ನಿರ್ದೇಶಕಿ ಬಾಗಿಲು ತೆರೆದು, ಗುರುತು ಹಿಡಿದು, ಒಳಗೆ ಕರೆದಳು. ಒಳಗೆ ಕೂತ ಮೇಲೆ ದಾರದಕ್ಕ ಬಳಸಿ ಮಾತಾಡಲಿಲ್ಲ.

“ಹಿಂದೆ ಇದ್ದವಳು ಅಂತ ಹೇಳಿದ್ನಲ್ಲ, ಅವಳು ಬೇರೆ ಯಾರೂ ಅಲ್ಲ. ನಾನೇ.”

ನಿರ್ದೇಶಕಿಯ ಮುಖ ಬಾಡಿತು. ಹಣ ಹಾಕಿದವರು ಏಳು ಜನ ಜಾಸ್ತಿಯಾಯಿತು, ಏಳನೆಯವಳನ್ನು ಕೈಬಿಡು ಎಂದು ಪಟ್ಟು ಹಿಡಿದಿದ್ದರಂತೆ. ಅವಳಿಲ್ಲದಿದ್ದರೆ ಚಿತ್ರವೇ ಬೇಡ ಎಂದು ಇವಳು ಜಗಳವಾಡಿ ಉಳಿಸಿಕೊಂಡಿದ್ದಳಂತೆ.

“ನಾನು ಕಾಗದ ಕೊಟ್ಟು ಸುಮ್ನಾಗ್ಬಿಟ್ಟೆ ಅಕ್ಕಾ. ಎದುರಿಗೆ ಕೂತು ಬಾಯಿಬಿಟ್ಟು ಕೇಳ್ಬೇಕಾಗಿತ್ತು. ತಪ್ಪಾಯ್ತು.”

“ಕೇಳಿದ್ರೆ ಬೇಡ ಅಂತಿದ್ದೆ. ಬೇಡ ಅಂದಿದ್ರೆ ಇವತ್ತಿಗೂ ಹಾಳೆ ತಿರುವ್ತಾನೇ ಇರ್ತಿದ್ದೆ. ನಾಲ್ಕು ವರ್ಷ ನಿಮ್ಮನ್ನ ಬೈಕೊಂಡೇ ಓಡಾಡಿದ್ದೀನಿ ತಾಯಿ. ಅದನ್ನ ಹೊಟ್ಟೆಗೆ ಹಾಕ್ಕೊಳಿ.”

ಅಂದು ಸಂಜೆ ಇಬ್ಬರೂ ಒಟ್ಟಿಗೆ ಕೂತು ಇಡೀ ಚಿತ್ರ ನೋಡಿದರು. ಹಾಸು ಮಡಿಸುವ ದೃಶ್ಯದಲ್ಲಿ ನಟಿಯೊಬ್ಬಳು ಅಂಚು ತಪ್ಪು ಹಿಡಿದಿದ್ದಾಳೆಂದು ದಾರದಕ್ಕ ತೋರಿಸಿಕೊಟ್ಟಳು.

ಆಮೇಲೆ ಬಸ್ ಡಿಪೋದ ದಾರದ ಕ್ಲಾಸಿಗೆ ಕಲಿಸುವವರು ಬೇಕಾಗಿದ್ದಾರೆಂದು ಕೇಳಿ ಅವಳೇ ಹೋದಳು. ವಾರಕ್ಕೆ ಎರಡು ದಿನ, ಟಯರುಗಳ ಕೋಣೆಯ ಪಕ್ಕದಲ್ಲಿ. ಮೊದಲ ದಿನ ಬಸ್ಸು ತೊಳೆಯುವವನೊಬ್ಬ ಬಾಗಿಲಲ್ಲೇ ನಿಂತು, ತನಗೆ ಓದು ಬರುತ್ತದೆ, ಆದರೆ ಕನ್ನಡಕ ಮರೆತು ಬಂದಿದ್ದೇನೆ ಎಂದ.

“ಬಾಪ್ಪ, ಕೂತ್ಕೋ,” ಎಂದಳು ದಾರದಕ್ಕ. “ನಾನು ಹದಿನಾಲ್ಕು ವರ್ಷ ಕನ್ನಡಕ ಮರೆತಿದ್ದೋಳು.”

ಅವನು ಒಂದು ಕ್ಷಣ ಅವಳ ಮುಖ ನೋಡಿ, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಒಳಗೆ ಬಂದ.