ತಣ್ಣಗಿದ್ದ ಕೂಲರ್

ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಸ್ಟುಡಿಯೋದ ಎಡಿಟಿಂಗ್ ಕಂಪ್ಯೂಟರ್ ಮತ್ತೆ ತಾನಾಗಿಯೇ ಆರಿಹೋಯಿತು. ಮೆತ್ತೆ ಕಂಪನಿಯೊಂದರ ಜಾಹೀರಾತು ಅರ್ಧಕ್ಕಿಂತ ತುಸು ಹೆಚ್ಚು ರೆಂಡರ್ ಆಗಿತ್ತು, ಅಂದರೆ ಜೋಡಿಸಿದ ತುಣುಕುಗಳು ಒಂದೇ ವಿಡಿಯೋ ಆಗುತ್ತಿದ್ದವು. ಸಂಜೆ ಆರರೊಳಗೆ ಅದನ್ನು ಕಳುಹಿಸಬೇಕಿತ್ತು.

ಕಂಪ್ಯೂಟರಿನ ಮುಂದೆ ಕೂತಿದ್ದವಳು ಸ್ಟುಡಿಯೋ ಮಾಲೀಕನ ತಂಗಿ. ಎಂಟು ವರ್ಷದಿಂದ ಆ ಕುರ್ಚಿ ಅವಳದು. ಅವಳ ಬೆನ್ನ ಹಿಂದೆ ಗಾಜಿನ ಬಾಗಿಲಿಗೆ ಒರಗಿ ನಿಂತಿದ್ದವಳು ಕೌಂಟರ್ ನೋಡಿಕೊಳ್ಳುವ ಅತ್ತಿಗೆ.

"ಆಯ್ತಾ? ಮತ್ತೆ ಮಲಗಿಸಿದ್ಯಾ?"

"ನಾನು ಮಲಗಿಸಲಿಲ್ಲ ಅತ್ತಿಗೆ. ಬಿಸಿಯಾಗಿ ತಾನೇ ಆಫ್ ಆಗ್ತಿದೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಹೊಸ ಕೂಲರ್ ಹಾಕಿ ವಾರ ಆಗಿಲ್ಲ, ಬಿಸಿಯಂತೆ ಬಿಸಿ!"

ಪ್ರೊಸೆಸರಿನ ಮೇಲೆ ಕೂರುವ, ಅದರ ಬಿಸಿ ಎಳೆದು ಹೊರಹಾಕುವ ಲೋಹದ ಕೂಲರ್ ಅದು. ಹಳೆಯದು ಗೊರಗೊರ ಸದ್ದು ಮಾಡುತ್ತಿತ್ತೆಂದು ಭಾನುವಾರ, ತಂಗಿ ಊರಲ್ಲಿಲ್ಲದಾಗ, ಅತ್ತಿಗೆಯ ತಮ್ಮ ಬಂದು ಹೊಸದನ್ನು ಕೂರಿಸಿ ಹೋಗಿದ್ದ. ಕೇಳಿದ್ದಕ್ಕೂ ಕೇಳದ್ದಕ್ಕೂ ಅವನಲ್ಲಿ ಉತ್ತರವಿರುತ್ತಿದ್ದುದರಿಂದ ತಂಗಿ ಅವನಿಗೆ ಪಂಡಿತ ಎಂದು ಹೆಸರಿಟ್ಟಿದ್ದಳು. ಪಂಡಿತನಿಗೆ ಆರು ತಿಂಗಳಿಂದ ಕೆಲಸವಿರಲಿಲ್ಲ. ಅತ್ತಿಗೆಯ ಕಣ್ಣು ಈ ಕುರ್ಚಿಯ ಮೇಲೆ ಬಿದ್ದು ಅಷ್ಟೇ ಕಾಲವಾಗಿತ್ತು. ಹಿಂದಿನ ರಾತ್ರಿ ಊಟದ ನಡುವೆ ಅವಳು ಅದನ್ನು ಬಾಯಿಬಿಟ್ಟೇ ಹೇಳಿದ್ದಳು: "ನಾಳೆ ಮೆತ್ತೆ ಕೆಲಸ ಕೈಕೊಟ್ರೆ, ಸೋಮವಾರದಿಂದ ನನ್ನ ತಮ್ಮ ಕೂರ್ತಾನೆ." ಅಣ್ಣ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆ ಮನೆಯಲ್ಲಿ ಅಣ್ಣನ ಮೌನವನ್ನು ಒಪ್ಪಿಗೆಯ ಲೆಕ್ಕಕ್ಕೇ ಹಿಡಿಯುತ್ತಿದ್ದರು.

ತಂಗಿಯ ಮೊದಲ ಅನುಮಾನ ಕಂಪ್ಯೂಟರಿನ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್, ತೊಟ್ಟಿದ್ದ ಬಟ್ಟೆಯ ಅಂಗಿಯ ಮೇಲೆ. ಅತ್ತಿಗೆ ಹೊಸ ವಸ್ತುವಿನ ಹೊದಿಕೆ ಬಿಚ್ಚುವವಳಲ್ಲ. ಹೊದಿಕೆ ಇಲ್ಲದೆ ಬಂದದ್ದಕ್ಕೆ ತಾನೇ ಹೊಲಿದು ಹಾಕುವವಳು. ಟಿವಿಯ ರಿಮೋಟು, ಫ್ರಿಜ್ಜಿನ ಹಿಡಿ, ಸೋಫಾ, ಎಲ್ಲವೂ ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕಿನಲ್ಲೇ ಮುದಿಯಾಗುತ್ತಿದ್ದವು. ಮೆತ್ತೆ ಕಂಪನಿಯವರು ಮಾದರಿಗೆಂದು ಕೊಟ್ಟ ಮೆತ್ತೆಗೂ ಅದೇ ಗತಿ. ಅಣ್ಣ ಮಗ್ಗುಲು ಬದಲಿಸಿದಾಗಲೆಲ್ಲ ಚರಚರ ಸದ್ದು ಮಹಡಿಯಲ್ಲಿದ್ದ ತಂಗಿಯ ಕೋಣೆಗೂ ಕೇಳುತ್ತಿತ್ತು.

ಅವಳು ಕ್ಯಾಬಿನೆಟ್ಟಿನ ಅಂಗಿ ಕಿತ್ತು ನೆಲಕ್ಕೆ ಎಸೆದಳು.

"ನಿಧಾನ! ಹೊಲಿದೋರಿಗೆ ಗೊತ್ತು ಅದರ ಕಷ್ಟ," ಎಂದಳು ಅತ್ತಿಗೆ.

"ಉಸಿರುಗಟ್ಟಿದೋರಿಗೂ ಗೊತ್ತು."

ಅಂಗಿ ಕಳಚಿದ ಮೇಲೂ ಕಂಪ್ಯೂಟರ್ ಆರಿತು. ಪಕ್ಕದ ಬಾಗಿಲು ಬಿಚ್ಚಿ ಬ್ಲೋವರ್ ಹಿಡಿದು ಧೂಳು ಹಾರಿಸಿದಳು. ಧೂಳು ಹೆಚ್ಚೇನೂ ಇರಲಿಲ್ಲ, ಇದ್ದಷ್ಟೂ ಅತ್ತಿಗೆಯ ಕಡೆಗೆ ಹೋಯಿತು. ಅತ್ತಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡಳೇ ಹೊರತು ಬಾಗಿಲು ಬಿಟ್ಟು ಕದಲಲಿಲ್ಲ. ಫ್ಯಾನುಗಳೆಲ್ಲ ಸರಿಯಾಗಿ ತಿರುಗುತ್ತಿದ್ದವು. ಆದರೂ ರೆಂಡರ್ ಶುರುವಾದ ಸ್ವಲ್ಪ ಹೊತ್ತಿಗೆ ಪರದೆ ಮತ್ತೆ ಕಪ್ಪಾಯಿತು.

ಒಂದು ಗಂಟೆಗೆ, ಅಕ್ಕ ಕರೆದಳೆಂದು, ಪಂಡಿತ ಬಂದ. ಕ್ಯಾಬಿನೆಟ್ಟಿನ ಒಳಗೆ ಇಣುಕಿಯೂ ನೋಡದೆ ತೀರ್ಪು ಕೊಟ್ಟ.

"ಇದು ಸಾಫ್ಟ್‌ವೇರ್ ಪ್ರಾಬ್ಲಮ್ಮು. ಫಾರ್ಮ್ಯಾಟ್ ಹೊಡೆದ್ರೆ ಸರಿಹೋಗುತ್ತೆ."

"ಹೊಡೆದ್ರೆ ಮೆತ್ತೆ ಕೆಲಸವೂ ಹೋಗುತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯೇನೋ ಪಂಡಿತ?"

"ನೋಡಕ್ಕ, ಹೇಗೆ ಮಾತಾಡ್ತಾರೆ."

"ಆಡ್ಲಿ ಬಿಡು," ಎಂದಳು ಅತ್ತಿಗೆ. "ಆರು ಗಂಟೆ ತನಕ ತಾನೆ."

ತಂಗಿ ಕಂಪ್ಯೂಟರನ್ನು ಮತ್ತೆ ಹಚ್ಚಿದಳು. ಈ ಸಲ ರೆಂಡರ್ ಮಾಡದೆ, ಪ್ರೊಸೆಸರಿನ ಬಿಸಿ ತೋರಿಸುವ ಪುಟ ತೆರೆದಳು. ಏನೂ ಕೆಲಸ ಮಾಡದೆ ಸುಮ್ಮನೆ ಕೂತ ಪ್ರೊಸೆಸರ್ ತೊಂಬತ್ತಾರು ಡಿಗ್ರಿ ತೋರಿಸುತ್ತಿತ್ತು. ಒಳಗೆ ಕೈ ಹಾಕಿ ಕೂಲರಿನ ಲೋಹದ ಎಲೆಗಳನ್ನು ಮುಟ್ಟಿದಳು. ಸುಟ್ಟೀತೆಂದು ಬೆರಳ ತುದಿಯಿಂದ ಮೊದಲು, ಆಮೇಲೆ ಇಡೀ ಅಂಗೈಯಿಂದ.

ಕೂಲರ್ ತಣ್ಣಗಿತ್ತು.

ಅವಳು ಕೈ ಹಿಂದಕ್ಕೆ ತೆಗೆದು ಅಂಕಿಯನ್ನು ಇನ್ನೊಮ್ಮೆ ನೋಡಿದಳು. ಪಾತ್ರೆ ಕುದಿಯುತ್ತಿದೆ, ಪಾತ್ರೆಗೆ ತಾಗಿರಬೇಕಾದ ಸೌಟು ತಣ್ಣಗಿದೆ. ಹಾಗಾದರೆ ಸೌಟು ಪಾತ್ರೆಗೆ ತಾಗಿಲ್ಲ. ನಡುವೆ ಏನೋ ಇದೆ.

ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡವಳು ಅದನ್ನು ಮತ್ತೆ ಮೇಜಿನ ಮೇಲಿಟ್ಟಳು.

"ಅಣ್ಣನ್ನ ಕರೀರಿ. ಅವನೆದುರಿಗೇ ಬಿಚ್ತೀನಿ."

"ಯಾಕೆ, ಅವರೇನು ಸಾಕ್ಷಿನಾ?"

"ಹೌದು. ಸಾಕ್ಷಿನೇ."

ಶೂಟಿಂಗ್ ಕೋಣೆಯಲ್ಲಿ ದೀಪ ಜೋಡಿಸುತ್ತಿದ್ದ ಅಣ್ಣ ಮುಖ ಸಿಂಡರಿಸಿಕೊಂಡು ಬಂದ. ತಂಗಿ ಕಂಪ್ಯೂಟರ್ ಆರಿಸಿ, ವೈರ್ ಕಿತ್ತು, ನಾಲ್ಕು ಸ್ಕ್ರೂ ಸಡಿಲಿಸಿ ಕೂಲರನ್ನು ಮೆಲ್ಲಗೆ ತಿರುಗಿಸುತ್ತ ಎತ್ತಿ ಅಂಗಾತ ಹಿಡಿದಳು. ಅದರ ತಳಕ್ಕೆ ತೆಳ್ಳನೆಯ ಪಾರದರ್ಶಕ ಹಾಳೆ ಅಂಟಿತ್ತು. ಮೂಲೆಯಲ್ಲಿ ಕೆಂಪಕ್ಷರದ ಎಚ್ಚರಿಕೆ: ಕೂರಿಸುವ ಮೊದಲು ಇದನ್ನು ಕೀಳಿರಿ.

ಮೊದಲು ಬಾಯಿ ತೆರೆದವಳು ಅತ್ತಿಗೆ.

"ನೀನೇ ಈಗ ಅಂಟಿಸಿರ್ತೀಯ. ನನ್ನ ತಮ್ಮನ ಮೇಲೆ ಹಾಕೋಕೆ."

"ಅಣ್ಣ, ನೋಡು." ತಂಗಿ ಹಾಳೆಯ ಒಂದು ತುದಿ ಎತ್ತಿದಳು. ಬಿಸಿ ದಾಟಿಸಲೆಂದು ಪ್ರೊಸೆಸರಿಗೆ ಹಚ್ಚಿದ್ದ ಬೂದು ಪೇಸ್ಟೆಲ್ಲ ಹಾಳೆಯ ಹೊರಮೈಗೆ ಮೆತ್ತಿಕೊಂಡಿತ್ತು. ಹಾಳೆಯಡಿಯ ತಾಮ್ರಕ್ಕೆ ಒಂದು ಚುಕ್ಕೆಯೂ ತಾಗಿರಲಿಲ್ಲ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ಈಗ ಅಂಟಿಸಿದ್ರೆ ಪೇಸ್ಟ್ ತಾಮ್ರದ ಮೇಲಿರ್ಬೇಕಿತ್ತು."

ಅಣ್ಣ ಕನ್ನಡಕ ಏರಿಸಿ ನೋಡಿದ. ಹಾಳೆಯನ್ನು ಮುಟ್ಟಿ, ಬೆರಳಿಗೆ ಹತ್ತಿದ ಪೇಸ್ಟನ್ನೂ ನೋಡಿದ. ಆಮೇಲೆ ಪಂಡಿತನ ಕಡೆ ತಿರುಗಿದ.

"ಇದನ್ನ ಕೀಳ್ಬೇಕು ಅಂತ ಗೊತ್ತಿರ್ಲಿಲ್ವೇನಪ್ಪ ನಿನಗೆ?"

"ಗೊತ್ತಿತ್ತು ಭಾವ!" ಪಂಡಿತನ ದನಿ ಏರಿತು. "ಕೀಳೋಕೆ ಹೋದೆ. ಅಕ್ಕನೇ ಕೈ ಹಿಡಿದ್ಲು. ಹೊಸ ಸಾಮಾನು, ಗೆರೆ ಬೀಳುತ್ತೆ, ಇರ್ಲಿ ಬಿಡು ಅಂದ್ಲು."

"ನಾನಂದ್ರೆ? ನಿನಗೆ ಬುದ್ಧಿ ಇರ್ಲಿಲ್ವಾ?"

"ನಿನ್ನ ಮಾತು ಮೀರಿದ್ರೆ ಅನ್ನ ಸಿಗುತ್ತಾ ಅಕ್ಕ ಈ ಮನೇಲಿ?"

ಅಣ್ಣ ನಗಲಿಲ್ಲ. "ಹೊದಿಕೆ, ಹೊದಿಕೆ, ಹೊದಿಕೆ," ಎಂದ. "ಮೆತ್ತೆ ಮೇಲೆ ಮಲಗಿ ವಾರದಿಂದ ಬೆನ್ನು ಬೆವರ್ತಿದೆ. ಕುರ್ಚಿ ಅವಳದೇ. ಈ ಮಾತು ಇನ್ನೆತ್ತಬೇಡ."

ಅಲ್ಲಿಗೆ ಬಿಡಬಹುದಿತ್ತು. ತಂಗಿ ಬಿಡಲಿಲ್ಲ. ಹಾಳೆಯನ್ನು ಪೂರ್ತಿ ಸುಲಿದು, ಹೊರಗೆ ನಡೆದು, ಬಂದ ಗಿರಾಕಿಗಳೆಲ್ಲ ನೋಡುವಂತೆ ಕೌಂಟರಿನ ಗಾಜಿಗೆ ಅಂಟಿಸಿದಳು.

"ಇಲ್ಲೇ ಇರ್ಲಿ ಅತ್ತಿಗೆ. ಗಾಜಿಗೆ ಗೆರೆ ಬೀಳಬಾರದಲ್ವಾ."

ಅತ್ತಿಗೆಯ ಮುಖ ಸುಣ್ಣವಾಯಿತು. ಮರಳಿ ಕೂರಿಸಲು ಹೊಸ ಪೇಸ್ಟ್ ಬೇಕಿತ್ತು. ಕೂಲರಿನ ಜೊತೆ ಬಂದಿದ್ದ ಟ್ಯೂಬಿನಲ್ಲಿ ಅರ್ಧ ಉಳಿದಿತ್ತು. ಏನನ್ನೂ ಎಸೆಯದ ಅತ್ತಿಗೆ ಅದನ್ನು ಡಬ್ಬಿಯ ಸಮೇತ ತನ್ನ ಡ್ರಾಯರಿನಲ್ಲಿ ಬೀಗ ಹಾಕಿ ಇಟ್ಟಿದ್ದಳು. ತಂಗಿ ಕೈ ಚಾಚಿದಳು. ಅತ್ತಿಗೆ ಬೀಗದ ಕೈಯನ್ನು ಅವಳ ಕೈಗೆ ಕೊಡಲಿಲ್ಲ. ನೆಲಕ್ಕೆ ಹಾಕಿದಳು. ಬಗ್ಗಿ ಎತ್ತಿಕೊಂಡವನು ಅಣ್ಣ.

ಹಳೆಯ ಪೇಸ್ಟ್ ಒರೆಸಿ, ಕಡಲೆಕಾಳಿನಷ್ಟು ಹೊಸದನ್ನು ಇಟ್ಟು, ತಂಗಿ ಕೂಲರನ್ನು ಬಿಗಿದಳು. ಸುಮ್ಮನೆ ಕೂತ ಪ್ರೊಸೆಸರ್ ಮೂವತ್ತೊಂಬತ್ತು ಡಿಗ್ರಿಗೆ ಇಳಿಯಿತು. ರೆಂಡರ್ ಮಾಡುವಾಗಲೂ ಎಪ್ಪತ್ತೊಂದು ದಾಟಲಿಲ್ಲ. ಈ ಸಲ ಅವಳು ಅಂಗೈಯಿಟ್ಟಾಗ ಲೋಹದ ಎಲೆಗಳು ಬೆಚ್ಚಗಿದ್ದವು.

ಮೆತ್ತೆ ಕಂಪನಿಗೆ ಫೈಲ್ ಐದೂವರೆಗೆ ಹೋಯಿತು. ಸೋಮವಾರ ತಂಗಿ ಅದೇ ಕುರ್ಚಿಯಲ್ಲಿ ಕೂತಳು. ಅತ್ತಿಗೆ ಅವಳ ಪಾಲಿಗೆ ಅಡುಗೆ ಮಾಡುವುದನ್ನು ನಿಲ್ಲಿಸಿದಳು. ಆ ವಾರ ಮುಗಿಯುವುದರೊಳಗೆ ಮಹಡಿಯ ಕೋಣೆಗೆ ಬೇರೆ ಒಲೆ ಬಂತು.